ಕಾಂಟ್ಯಾಕ್ಟ್ ಕಿಲ್ಲಿಂಗ್ ಪಾಲಿಮರ್ ಕೋಟಿಂಗ್: ಮೇಲ್ಮೈನೇ ಕೊಲ್ತಿದೆಯಾ, ಇಲ್ಲ ಏನಾದ್ರೂ ಸೋರ್ತಿದೆಯಾ?

ತೆಳುಪದರ:

ಎಲ್ರಿಗೂ ನಮಸ್ಕಾರ. ಮುಟ್ಟಿದ ಬ್ಯಾಕ್ಟೀರಿಯಾನ ಅಲ್ಲೇ ಸಾಯಿಸೋ ಥರದ ಪಾಲಿಮರ್ ಕೋಟಿಂಗ್ ಮೇಲೆ ಮಾಸ್ಟರ್ಸ್ ಪ್ರಾಜೆಕ್ಟ್ ಮಾಡ್ತಿದೀನಿ, ಒಂದು ಕಡೆ ಸಿಕ್ಕಾಕೊಂಡಿದೀನಿ, ಈ ಕೆಲಸ ಗೊತ್ತಿರೋರು ದಯವಿಟ್ಟು ಸ್ವಲ್ಪ ನೋಡಿ ಹೇಳಿ.

ಇಲ್ಲೀವರೆಗೆ ಆಗಿರೋದು ಇಷ್ಟು. ಡಿಎಂಎಇಎಂಎ (ಅಮೈನ್ ಗುಂಪಿರೋ ಒಂದು ಮೆಥಾಕ್ರಿಲೇಟ್) ಮಾನೋಮರ್ ಜೊತೆ ಬೆಂಜೋಫಿನೋನ್ ಇರೋ ಇನ್ನೊಂದು ಮಾನೋಮರ್ ಸ್ವಲ್ಪ ಸೇರಿಸಿ ಕೋಪಾಲಿಮರ್ ಮಾಡಿ, ಅದರ ಟರ್ಷಿಯರಿ ಅಮೈನ್‌ಗೆ ಹೆಕ್ಸಿಲ್ ಬ್ರೋಮೈಡ್ ಹಾಕಿ ಕ್ವಾಟರ್ನರಿ ಅಮೋನಿಯಂ ಮಾಡ್ಕೊಂಡೆ. ಅಂದ್ರೆ ಸರಪಳಿ ಉದ್ದಕ್ಕೂ ಪ್ಲಸ್ ಚಾರ್ಜು, ಪ್ರತಿ ಚಾರ್ಜಿನ ಪಕ್ಕ ಆರು ಕಾರ್ಬನ್ ಬಾಲ. ಅದನ್ನ ಗಾಜಿನ ಸ್ಲೈಡ್ ಮೇಲೂ ಪಾಲಿಯುರೆಥೇನ್ ಶೀಟ್ ಮೇಲೂ ಬಳಿದು 365 ನ್ಯಾನೊಮೀಟರ್ ಯುವಿ ಕೆಳಗೆ ಇಟ್ರೆ ಬೆಂಜೋಫಿನೋನ್ ಅಕ್ಕಪಕ್ಕದ ಸಿ-ಎಚ್ ಬಾಂಡಿಗೆ ಕಚ್ಕೊಂಡು ಪದರ ಗಟ್ಟಿಯಾಗುತ್ತೆ. ಆಮೇಲೆ ಎಥನಾಲ್‌ನಲ್ಲೂ ನೀರಲ್ಲೂ ತೊಳೆದು ಒಣಗಿಸ್ತೀನಿ.

ಐಎಸ್ಒ 22196 (ಮೇಲ್ಮೈ ಎಷ್ಟು ಬ್ಯಾಕ್ಟೀರಿಯಾ ಕೊಲ್ಲುತ್ತೆ ಅಂತ ಅಳೆಯೋ ಸ್ಟ್ಯಾಂಡರ್ಡ್ ಟೆಸ್ಟು) ಪ್ರಕಾರ ಟೆಸ್ಟ್ ಮಾಡಿದಾಗ ಇ. ಕೋಲಿ, ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನೋ ಎರಡು ಬ್ಯಾಕ್ಟೀರಿಯಾಗೂ 4 ಲಾಗ್‌ಗಿಂತ ಜಾಸ್ತಿ ಇಳಿಕೆ ಬಂತು, ಅಂದ್ರೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಮ್ಮಿ ಉಳೀತು. ಆದ್ರೆ ಅದೇ ಸ್ಯಾಂಪಲ್ಲನ್ನ ಬ್ಯಾಕ್ಟೀರಿಯಾ ಹರಡಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ) ಮೇಲೆ ಬೋರಲು ಹಾಕಿ ಇಟ್ರೆ ಅಂಚಿನ ಸುತ್ತ ಒಂದು ಸಣ್ಣ ತಿಳಿ ಉಂಗುರ ಕಾಣ್ತಿದೆ, ಜಾಸ್ತಿ ಅಗಲ ಇಲ್ಲ, ಆದ್ರೆ ಇದೆ. ಮೇಲ್ಮೈಗೆ ಅಂಟಿಕೊಂಡಿರೋ ಪಾಲಿಮರ್ ಮುಟ್ಟಿದ್ದನ್ನ ಮಾತ್ರ ಕೊಲ್ಲಬೇಕು ಅಂದ್ಮೇಲೆ ಉಂಗುರ ಯಾಕೆ ಬರಬೇಕು? ಇನ್ನೊಂದು, ಮಾಮೂಲಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆದ ಸ್ಯಾಂಪಲ್ಲು ಸುಮಾರಾಗಿ ಸತ್ವ ಕಳ್ಕೊಂಡಂಗಿದೆ. ಕೋಟಿಂಗೇ ಕಿತ್ಕೊಂಡು ಹೋಯ್ತಾ, ಬೇರೆ ಏನಾದ್ರೂ ಆಗಿದೆಯಾ ಗೊತ್ತಾಗ್ತಿಲ್ಲ. ಮತ್ತೆ ಲ್ಯಾಬಲ್ಲಿ ಸೀನಿಯರ್ ಒಬ್ರು ಹೆಕ್ಸಿಲ್ ಬಿಟ್ಟು ಹನ್ನೆರಡು ಕಾರ್ಬನ್ ಬಾಲ ಹಾಕು, ಉದ್ದ ಇದ್ದಷ್ಟೂ ಚೆನ್ನಾಗಿ ಕೊಲ್ಲುತ್ತೆ ಅಂತಾರೆ, ಅದು ಹೌದಾ?

ಅಗರ್ ತಟ್ಟೆ:

ಉಂಗುರ ಕಂಡಿದ್ದನ್ನ ಪಕ್ಕಕ್ಕಿಡದೆ ಕೇಳ್ತಿದೀರಲ್ಲ, ಅದು ತುಂಬಾ ಒಳ್ಳೇದು. ನಾನು ಮೈಕ್ರೋಬಯಾಲಜಿ ಕಡೆಯವಳು, ಆ ಭಾಗ ಮಾತ್ರ ಹೇಳ್ತೀನಿ, ಕೆಮಿಸ್ಟ್ರಿ ಬೇರೆಯವರು ಹೇಳಲಿ.

ಉಂಗುರ ಅಂದ್ರೆ ಏನೋ ಹೊರಗೆ ಬರ್ತಿದೆ ಅಂತಾನೇ ಅರ್ಥ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಉಂಗುರ ಇಲ್ಲದೇ ಇದ್ರೆ ಏನೂ ಸೋರ್ತಿಲ್ಲ ಅಂತ ಹೇಳಕ್ಕಾಗಲ್ಲ, ಇದನ್ನ ಬಹಳ ಜನ ಮರೀತಾರೆ. ಅಗರ್ ಒಳಗೆ ಸಲ್ಫೇಟ್ ಥರ ಮೈನಸ್ ಚಾರ್ಜ್ ಇರೋ ಗುಂಪುಗಳು ಇರ್ತವೆ, ನಿಮ್ಮ ಪಾಲಿಮರ್ ಪ್ಲಸ್, ಅದೂ ದೊಡ್ಡ ಮಾಲಿಕ್ಯೂಲು, ಅದು ಅಗರ್‌ನಲ್ಲಿ ಅಲ್ಲೇ ಸಿಕ್ಕಾಕೊಂಡು ಮುಂದಕ್ಕೆ ಹರಿಯೋದೇ ಇಲ್ಲ. ಹಂಗಾಗಿ ನಿಮಗೆ ಕಾಣ್ತಿರೋ ಉಂಗುರ ಬಹುಶಃ ಸಣ್ಣ ಮಾಲಿಕ್ಯೂಲುಗಳದ್ದು, ಉಳ್ಕೊಂಡ ಮಾನೋಮರ್, ತೀರಾ ಚಿಕ್ಕ ಸರಪಳಿಗಳು, ಸರಿಯಾಗಿ ಹೋಗದೇ ಇರೋ ಸಾಲ್ವೆಂಟ್. ಬಿಡಿಯಾಗಿ ಓಡಾಡ್ತಿರೋ ದೊಡ್ಡ ಸರಪಳಿಗಳು ಇದ್ರೂ ಈ ಟೆಸ್ಟಿಗೆ ಕಾಣಲ್ಲ.

ಅದಕ್ಕೆ ಸೋರಿಕೆ ನೋಡಕ್ಕೆ ಅಗರ್ ಬಿಟ್ಟು ನೆನೆಸಿದ ನೀರಿನ ಟೆಸ್ಟ್ ಮಾಡಿ. ಸ್ಯಾಂಪಲ್ಲನ್ನ ಸ್ಟೆರೈಲ್ ಸಲೈನ್‌ನಲ್ಲಿ 24 ಗಂಟೆ ಅಲುಗಾಡಿಸ್ತಾ ಇಡಿ, ಆಮೇಲೆ ಸ್ಯಾಂಪಲ್ ತೆಗೆದು ಬರೀ ಆ ನೀರಿಗೆ ಬ್ಯಾಕ್ಟೀರಿಯಾ ಹಾಕಿ, ಎಷ್ಟು ಹೊತ್ತಿಗೆ ಎಷ್ಟು ಉಳೀತವೆ ಅಂತ ಎಣಿಸಿ. ಆ ನೀರಲ್ಲೇ ಸತ್ರೆ ನಿಮ್ಮದು ಸದ್ಯಕ್ಕೆ ಸೋರೋ ಕೋಟಿಂಗು. ಸಾಯದೇ ಇದ್ದು, ಅದೇ ಸ್ಯಾಂಪಲ್ಲು ಆಮೇಲೂ ಮುಟ್ಟಿದ್ದನ್ನ ಕೊಲ್ತಿದ್ರೆ ಆಗ ಮೇಲ್ಮೈ ಬಗ್ಗೆ ಧೈರ್ಯವಾಗಿ ಮಾತಾಡಬಹುದು. ನೆನೆಸಿದ ನೀರನ್ನ ಗಾಜಿನ ಬದಲು ಪಾಲಿಪ್ರೊಪಿಲೀನ್ ಬಾಟಲಲ್ಲಿ ಇಡಿ, ಗಾಜು ಮೈನಸ್, ಪ್ಲಸ್ ಚಾರ್ಜಿನ ಪಾಲಿಮರ್ ಅದರ ಗೋಡೆಗೆ ಅಂಟ್ಕೊಳುತ್ತೆ, ಬೇರೆ ಬಾಟಲಿಗೂ ಸ್ವಲ್ಪ ಅಂಟಬಹುದು, ಆದ್ದರಿಂದ ತುಂಬಾ ಹೊತ್ತು ಇಟ್ಟು ಆಮೇಲೆ ಟೆಸ್ಟ್ ಮಾಡೋದು ಬೇಡ.

ಈಗ ನಿಮ್ಮ 4 ಲಾಗ್ ವಿಷಯಕ್ಕೆ ಬರ್ತೀನಿ, ನನಗೆ ಉಂಗುರಕ್ಕಿಂತ ಇದೇ ಜಾಸ್ತಿ ಯೋಚನೆ. ಐಎಸ್ಒ 22196ರಲ್ಲಿ 5 ಸೆಂಟಿಮೀಟರ್ ಚೌಕದ ಸ್ಯಾಂಪಲ್ ಮೇಲೆ 0.4 ಮಿಲಿಲೀಟರ್ ಬ್ಯಾಕ್ಟೀರಿಯಾ ದ್ರಾವಣ ಹಾಕಿ, ಮೇಲೆ 4 ಸೆಂಟಿಮೀಟರ್ ಫಿಲ್ಮ್ ಮುಚ್ಚಿ, 35 ಡಿಗ್ರಿಯಲ್ಲಿ, ತೇವಾಂಶ 90 ಪರ್ಸೆಂಟ್ ಮೇಲಿಟ್ಟು 24 ಗಂಟೆ ಬಿಡ್ತೀವಿ. ಆಮೇಲೆ ತೊಳೆದು ತೆಗೆದು ಎಣಿಸ್ತೀವಿ. ಈ ತೊಳೆದು ತೆಗೆಯೋ ಜಾಗದಲ್ಲೇ ಪ್ಲಸ್ ಚಾರ್ಜಿನ ಕೋಟಿಂಗುಗಳು ದಾರಿ ತಪ್ಪಿಸ್ತವೆ. ಬ್ಯಾಕ್ಟೀರಿಯಾ ಮೈ ಮೈನಸ್, ನಿಮ್ಮ ಮೇಲ್ಮೈ ಪ್ಲಸ್, ಜಿಗುಟು ಕಾಗದಕ್ಕೆ ನೊಣ ಕೂತಂಗೆ ಅವು ಅಲ್ಲೇ ಕೂತುಬಿಡ್ತವೆ, ಜೀವಂತವಾಗೇ. ತೊಳೆದ ನೀರಿಗೆ ಬರಲ್ಲ, ಪ್ಲೇಟ್ ಮೇಲೆ ಕಾಲನಿ ಬರಲ್ಲ, ನಾವು ಸತ್ವು ಅಂತ ಬರ್ಕೋತೀವಿ. ತೊಳೆದಾದ್ಮೇಲೆ ಆ ಸ್ಯಾಂಪಲ್ಲನ್ನೇ ಒಂದು ಪೆಟ್ರಿ ಡಿಶ್‌ನಲ್ಲಿಟ್ಟು ಮೇಲೆ ಉಗುರುಬೆಚ್ಚಗಿನ ಅಗರ್ ಸುರಿದು ಒಂದು ರಾತ್ರಿ ಬಿಡಿ. ಮೇಲ್ಮೈ ಮೇಲೇ ಕಾಲನಿ ಎದ್ರೆ ಅವು ಸತ್ತಿರಲಿಲ್ಲ.

ಎರಡನೇದು ನ್ಯೂಟ್ರಲೈಸರ್, ಅಂದ್ರೆ ಕೊಲ್ಲೋ ಪದಾರ್ಥದ ಕೆಲಸವನ್ನ ಅಲ್ಲೇ ನಿಲ್ಲಿಸೋದು. ತೊಳೆಯೋ ದ್ರವದಲ್ಲಿ ಲೆಸಿಥಿನ್ ಮತ್ತೆ ಪಾಲಿಸಾರ್ಬೇಟ್ 80 ಇರಲೇಬೇಕು, ಇಲ್ಲಾಂದ್ರೆ ಸೋರಿದ ಪಾಲಿಮರ್ ಪ್ಲೇಟ್ ತನಕ ಜೊತೇಲೇ ಬಂದು ಅಲ್ಲಿ ಕೊಲ್ಲುತ್ತೆ, ನೀವು 24 ಗಂಟೆ ಲೆಕ್ಕಕ್ಕೆ ಸೇರಿಸ್ತೀರ. ನ್ಯೂಟ್ರಲೈಸರ್ ನಿಜವಾಗ್ಲೂ ಕೆಲಸ ಮಾಡ್ತಿದೆಯಾ ಅಂತ ನೋಡಕ್ಕೆ, ಅದರಲ್ಲಿ ಸ್ಯಾಂಪಲ್ ಅಲುಗಾಡಿಸಿ ಆಮೇಲೆ ಗೊತ್ತಿರೋ ಲೆಕ್ಕದ ಸ್ವಲ್ಪ ಬ್ಯಾಕ್ಟೀರಿಯಾ ಹಾಕಿ ಎಣಿಸಿ, ಅಷ್ಟೂ ವಾಪಸ್ ಸಿಗಬೇಕು. ಲೈವ್ ಡೆಡ್ ಡೈ ಹಾಕಿ ಮೈಕ್ರೋಸ್ಕೋಪಲ್ಲಿ ಕೆಂಪು ಕಂಡ್ರೆ ಸಾಕು ಅನ್ಕೋಬೇಡಿ, ಪ್ರೊಪಿಡಿಯಂ ಅಯೊಡೈಡ್ (ಆ ಕೆಂಪು ಡೈ) ಒಳಗೆ ಹೋಗಿದೆ ಅಂದ್ರೆ ಪೊರೆ ತೂತಾಗಿದೆ ಅಂತ ಗೊತ್ತಾಗುತ್ತೆ, ಎಣಿಕೆಗೆ ಅದು ಬದಲಿ ಅಲ್ಲ.

ಸರಪಳಿ:

ಮೇಲೆ ಮೇಡಂ ಹೇಳಿದ್ದು ಪೂರ್ತಿ ಸರಿ, ನಾನು ಪಾಲಿಮರ್ ಕಡೆಯಿಂದ ಸೇರಿಸ್ತೀನಿ.

ತೆಳುಪದರ ಅವ್ರೇ, ಮೊದಲು ಒಂದು ಕೇಳ್ತೀನಿ, ಗಾಜಿನ ಮೇಲೆ ಬಳಿಯೋ ಮುಂಚೆ ಸಿಲೇನ್ (ಗಾಜಿಗೆ ರಾಸಾಯನಿಕವಾಗಿ ಕಟ್ಟಿಕೊಳ್ಳೋ ಸಿಲಿಕಾನ್ ಸಂಯುಕ್ತ) ಪದರ ಏನಾದ್ರೂ ಹಾಕಿದೀರಾ? ಬೆಂಜೋಫಿನೋನ್ ಕಚ್ಕೊಳಕ್ಕೆ ಸಿ-ಎಚ್ ಬೇಕು, ಬರೀ ಗಾಜಲ್ಲಿ ಅದು ಎಲ್ಲಿಂದ ಬರುತ್ತೆ? ಪಾಲಿಯುರೆಥೇನ್ ಮೇಲೆ ಸರಿ, ಅಲ್ಲಿ ಬೇಕಾದಷ್ಟಿದೆ. ಗಾಜಿನ ಮೇಲೆ ಸರಪಳಿಗಳು ತಮ್ಮತಮ್ಮಲ್ಲೇ ಹೆಣ್ಕೊಂಡು ಒಂದು ಬಲೆ ಆಗಿರುತ್ತೆ, ಆ ಬಲೆ ಗಾಜಿಗೆ ಕಟ್ಟಿಕೊಂಡಿರಲ್ಲ, ಪ್ಲಸ್ ಚಾರ್ಜು ಗಾಜಿನ ಮೈನಸ್‌ಗೆ ಅಂಟಿರೋದಷ್ಟೇ. ತೊಳೆದಾಗ ಅಂಚಿಂದ ಎದ್ದು ಬರೋ ಸಾಧ್ಯತೆ ಇದೆ. ಜೊತೆಗೆ ಯಾವ ಯುವಿ ಕ್ರಾಸ್‌ಲಿಂಕಿಂಗ್‌ನಲ್ಲೂ ಬಲೆಗೆ ಸೇರದ ಸರಪಳಿಗಳು ಒಂದಿಷ್ಟು ಉಳಿಯುತ್ತವೆ, ಅವೇ ಮೊದಲು ಸೋರೋದು. ಎಥನಾಲ್‌ನಲ್ಲಿ ಒಂದು ಸಲ ಅದ್ದಿ ತೆಗೆದ್ರೆ ಅವು ಹೋಗಲ್ಲ. ಸಾಕ್ಸ್‌ಲೆಟ್‌ನಲ್ಲಿ (ಹೊಸ ಸಾಲ್ವೆಂಟ್‌ನಿಂದ ಪದೇ ಪದೇ ತಾನೇ ತೊಳೆಯೋ ಗಾಜಿನ ಉಪಕರಣ) ಎಥನಾಲ್ ಹಾಕಿ ಬಿಡಿ, ಅಥವಾ ಎಥನಾಲ್ ಬದಲಾಯಿಸ್ತಾ ಬದಲಾಯಿಸ್ತಾ ದಿನಗಟ್ಟಲೆ ನೆನೆಸಿಡಿ, ತೂಕ ಇಳಿಯೋದು ನಿಲ್ಲೋ ತನಕ.

ಚಾರ್ಜು ಎಷ್ಟಿದೆ ಅಂತ ಅಳತೆ ಮಾಡಿದೀರಾ? ಇದು ಮಾಡದೇ ಮುಂದೆ ಹೋಗ್ಬೇಡಿ, ಸುಲಭವಾದ ಕೆಲಸ. ಸ್ಲೈಡನ್ನ 1 ಪರ್ಸೆಂಟ್ ಸೋಡಿಯಂ ಫ್ಲೂರೆಸೀನ್ ನೀರಲ್ಲಿ 10 ನಿಮಿಷ ಇಡಿ, ಡೈ ಮೈನಸ್ ಆಗಿರೋದ್ರಿಂದ ಪ್ಲಸ್ ಜಾಗಗಳಿಗೆ ಕೂರುತ್ತೆ, ಚೆನ್ನಾಗಿ ನೀರಲ್ಲಿ ತೊಳೀರಿ, ಆಮೇಲೆ 0.1 ಪರ್ಸೆಂಟ್ ಸೆಟೈಲ್ ಟ್ರೈಮೀಥೈಲ್ ಅಮೋನಿಯಂ ಕ್ಲೋರೈಡ್ ದ್ರಾವಣದಲ್ಲಿ ಅಲುಗಾಡಿಸಿದ್ರೆ ಡೈ ಬಿಟ್ಕೊಂಡು ಬರುತ್ತೆ. ಅದಕ್ಕೆ ಪಿಎಚ್ 8 ಫಾಸ್ಫೇಟ್ ಬಫರ್ ಹತ್ತು ಪರ್ಸೆಂಟಷ್ಟು ಸೇರಿಸಿ 501 ನ್ಯಾನೊಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ ಓದಿ, ಎಕ್ಸ್‌ಟಿಂಕ್ಷನ್ ಕೋಎಫಿಶಿಯೆಂಟು (ಡೈ ಎಷ್ಟು ಬೆಳಕು ಹೀರುತ್ತೆ ಅನ್ನೋ ನಂಬರ್) ಮಿಲಿಮೋಲಾರ್‌ಗೆ ಸೆಂಟಿಮೀಟರ್‌ಗೆ 77. ಲೆಕ್ಕ ಹೀಗೆ ಬರುತ್ತೆ: ಒಟ್ಟು ದ್ರವ 10 ಮಿಲಿಲೀಟರ್ ಇದ್ದು 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 0.2 ಬಂತು ಅನ್ಕೊಳಿ, 0.2ನ್ನ 77ರಿಂದ ಭಾಗಿಸಿದ್ರೆ 2.6 ಮೈಕ್ರೋಮೋಲಾರ್, 10 ಮಿಲಿಲೀಟರ್‌ಗೆ 2.6 ಗುಣಿಸು 10^-8 ಮೋಲ್, ಅಂದ್ರೆ ಸುಮಾರು 1.6 ಗುಣಿಸು 10^16 ಡೈ ಮಾಲಿಕ್ಯೂಲು. ಸ್ಲೈಡಿನ ಎರಡೂ ಬದಿ ಸೇರಿ 37.5 ಚದರ ಸೆಂಟಿಮೀಟರ್, ಹಂಗಾಗಿ ಚದರ ಸೆಂಟಿಮೀಟರ್‌ಗೆ ಸುಮಾರು 4 ಗುಣಿಸು 10^14 ಚಾರ್ಜು, ಒಂದು ಡೈಗೆ ಒಂದು ಚಾರ್ಜು ಅನ್ನೋ ಲೆಕ್ಕದಲ್ಲಿ.

ಈ ನಂಬರ್ ಯಾಕೆ ಅಷ್ಟು ಮುಖ್ಯ ಅಂದ್ರೆ, 2005ರಲ್ಲಿ ಕುಗ್ಲರ್ ಮತ್ತೆ ಸಂಗಡಿಗರು ಕ್ವಾಟರ್ನರಿ ಪಾಲಿವಿನೈಲ್‌ಪಿರಿಡೀನ್ ಪದರಗಳ ಚಾರ್ಜನ್ನ ಚದರ ಸೆಂಟಿಮೀಟರ್‌ಗೆ 10^12ರಿಂದ 10^16ವರೆಗೆ ಬದಲಾಯಿಸಿ ನೋಡಿದಾಗ ಒಂದು ಹೊಸ್ತಿಲು ಇರೋದು ಗೊತ್ತಾಯ್ತು. ಅದರ ಮೇಲೆ ಇದ್ರೆ ಹತ್ತು ನಿಮಿಷದೊಳಗೆ ಸಾವು. ಆ ಹೊಸ್ತಿಲು ಎಲ್ಲಾ ಬ್ಯಾಕ್ಟೀರಿಯಾಗೂ ಒಂದೇ ಅಲ್ಲ, ಬೆಳೀತಿರೋ ಕೋಶಗಳಿಗೆ ಕಮ್ಮಿ ಚಾರ್ಜು ಸಾಕು, ಬೆಳವಣಿಗೆ ನಿಲ್ಲಿಸಿ ಸುಮ್ನೆ ಇರೋವಕ್ಕೆ ಜಾಸ್ತಿ ಬೇಕು. ನಿಮ್ಮ ಕೋಟಿಂಗ್ ತೊಳೆಯೋ ಮುಂಚೆ ಎಲ್ಲಿತ್ತು, ಆಮೇಲೆ ಎಲ್ಲಿಗಿಳೀತು ಅನ್ನೋದು ಈ ಡೈ ಟೆಸ್ಟ್‌ನಿಂದ ಗೊತ್ತಾಗುತ್ತೆ.

ಈಗ ಬಾಲದ ಉದ್ದ. ನಿಮ್ಮ ಸೀನಿಯರ್ ಹೇಳಿದ್ದು ಕೆಲವು ಕಡೆ ನಿಜ, ಎಲ್ಲಾ ಕಡೆ ಅಲ್ಲ. 1972ರಲ್ಲೇ ಡೌ ಕಾರ್ನಿಂಗ್‌ನವರು ಹದಿನೆಂಟು ಕಾರ್ಬನ್ ಬಾಲದ ಕ್ವಾಟರ್ನರಿ ಸಿಲೇನನ್ನ ಗಾಜು ಬಟ್ಟೆ ಇಂಥವಕ್ಕೆ ಕಟ್ಟಿ, ಮೇಲ್ಮೈಗೆ ಅಂಟಿಕೊಂಡೇ ಕೊಲ್ಲುತ್ತೆ ಅಂತ ತೋರಿಸಿದ್ರು. ಆಮೇಲೆ 2001ರಲ್ಲಿ ಎಂಐಟಿಯಲ್ಲಿ ಟಿಲ್ಲರ್, ಕ್ಲಿಬನೋವ್ ಅವರ ತಂಡ ಗಾಜಿನ ಮೇಲೆ ಪಾಲಿವಿನೈಲ್‌ಪಿರಿಡೀನ್ ಕಟ್ಟಿ, ಗಾಳಿಯಲ್ಲಿ ಸ್ಪ್ರೇ ಮಾಡಿದ ಬ್ಯಾಕ್ಟೀರಿಯಾ ಮೇಲೆ ಟೆಸ್ಟ್ ಮಾಡಿತು, ಹೆಕ್ಸಿಲ್ ಬಾಲದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್‌ನ 94 ಪರ್ಸೆಂಟ್ ತನಕ ಕೊಂದಿತು. ಅಲ್ಲಿ ಮೂರರಿಂದ ಆರು ಕಾರ್ಬನ್ ಚೆನ್ನಾಗಿ ಕೆಲಸ ಮಾಡಿದ್ವು, ಹತ್ತು ದಾಟಿದ ಮೇಲೆ ಸತ್ವ ಹೋಯ್ತು. ಯಾಕಂದ್ರೆ ಒಂದೇ ಸರಪಳಿ ಮೇಲೆ ಒತ್ತೊತ್ತಾಗಿ ಉದ್ದ ಬಾಲಗಳು ಇದ್ರೆ ಅವು ನೀರಿಗೆ ಹೆದರಿ ಒಂದಕ್ಕೊಂದು ಅಪ್ಪಿಕೊಂಡು ಮುದ್ದೆ ಆಗ್ತವೆ, ಸರಪಳಿ ನೀರಿನ ಕಡೆ ಚಾಚಿಕೊಳ್ಳಲ್ಲ. ಮುಂದೆ ಅದೇ ಗುಂಪಲ್ಲಿ ಹಲ್ದಾರ್ ಮುಂತಾದವರು 2006ರಲ್ಲಿ ಪಾಲಿಎಥಿಲೀನ್‌ಇಮೀನ್‌ಗೆ ಹನ್ನೆರಡು ಕಾರ್ಬನ್ ಬಾಲ ಹಾಕಿ ಬರೀ ಬಳಿದ್ರೆ ಸಾಕು ಅನ್ನೋ ಕೋಟಿಂಗ್ ಮಾಡಿದ್ರು, ಅದು ಬ್ಯಾಕ್ಟೀರಿಯಾ ಜೊತೆ ಇನ್‌ಫ್ಲುಯೆಂಜಾ ವೈರಸ್ಸನ್ನೂ ನಿಷ್ಕ್ರಿಯ ಮಾಡ್ತು. ಅಂದ್ರೆ ಬಾಲದ ಉದ್ದ ಮಾತ್ರ ನೋಡಿದ್ರೆ ಆಗಲ್ಲ, ಬೆನ್ನೆಲುಬು ಯಾವುದು, ಚಾರ್ಜುಗಳ ಮಧ್ಯೆ ಅಂತರ ಎಷ್ಟು, ಕಟ್ಟಿದೀರಾ ಬಳಿದೀರಾ, ಎಲ್ಲಾ ಸೇರಿಸಿ ನೋಡಬೇಕು. ನಿಮ್ಮ ಬೆನ್ನೆಲುಬಲ್ಲಿ ಹೆಕ್ಸಿಲ್ ಕೆಲಸ ಮಾಡ್ತಿದ್ರೆ ಅದನ್ನ ಮೊದಲು ಪೂರ್ತಿ ಅರ್ಥ ಮಾಡ್ಕೊಳಿ ಅನ್ನೋದು ನನ್ನ ಅಭಿಪ್ರಾಯ.

ಬೇರು_ಬಿಳಲು:

ಮಧ್ಯೆ ಬಾಯಿ ಹಾಕ್ತಿದೀನಿ, ನಾನು ಈ ಕ್ಷೇತ್ರದವನಲ್ಲ. ಅಂಟಿಕೊಂಡಿರೋ ಪಾಲಿಮರ್ ಹೆಂಗೆ ಕೊಲ್ಲುತ್ತೆ ಅಂತ ಯಾರಾದ್ರೂ ಹೇಳ್ತೀರಾ, ಬ್ಯಾಕ್ಟೀರಿಯಾ ಒಳಗೆ ಹೋಗದೇ?

ಸರಪಳಿ:

ಹೇಳ್ತೀನಿ, ಆದ್ರೆ ಇದರಲ್ಲಿ ಇನ್ನೂ ಚರ್ಚೆ ಮುಗಿದಿಲ್ಲ. ಒಂದು ವಾದ, ಉದ್ದ ಸರಪಳಿ ಗೋಡೆ ದಾಟಿ ಪೊರೆ ತನಕ ಚಾಚಿ ಪ್ಲಸ್ ಚಾರ್ಜು ಮತ್ತೆ ಎಣ್ಣೆ ಸ್ವಭಾವದ ಬಾಲ ಎರಡೂ ಸೇರಿ ಪೊರೆ ಹರಿಯುತ್ತೆ ಅಂತ. ಗ್ರಾಂ ಪಾಸಿಟಿವ್ (ಸ್ಟ್ಯಾಫಿಲೋಕಾಕಸ್ ಥರದ) ಬ್ಯಾಕ್ಟೀರಿಯಾದ ಗೋಡೆ ದಪ್ಪ 20ರಿಂದ 80 ನ್ಯಾನೊಮೀಟರ್, ಒಂದು ತುದಿ ಮಾತ್ರ ಕಟ್ಟಿದ ಉದ್ದ ಸರಪಳಿಗೆ ಅದು ಸಾಧ್ಯ, ಆದ್ರೆ ಎಲ್ಲಾ ಕಡೆ ಹೆಣೆದ ಬಲೆಗೆ ಕಷ್ಟ. ಇನ್ನೊಂದು ವಾದ, ಕುಗ್ಲರ್ ಅವರದ್ದು, ಅಯಾನ್ ಅದಲುಬದಲು. ಬ್ಯಾಕ್ಟೀರಿಯಾ ಹೊರಮೈಯಲ್ಲಿ ಮೈನಸ್ ಗುಂಪುಗಳನ್ನ ಕ್ಯಾಲ್ಸಿಯಂ ಮೆಗ್ನೀಸಿಯಂ ಅಯಾನುಗಳು ಹಿಡಿದಿಟ್ಟಿರ್ತವೆ, ತುಂಬಾ ಪ್ಲಸ್ ಇರೋ ಮೇಲ್ಮೈಗೆ ಬಂದು ಕೂತಾಗ ಆ ಅಯಾನುಗಳು ಬಿಟ್ಟುಹೋಗಿ ಹೊರಪೊರೆ ಸಡಿಲ ಆಗುತ್ತೆ, ಇದಕ್ಕೆ ಸರಪಳಿ ಒಳಗೆ ಹೋಗೋ ಅವಶ್ಯಕತೆನೇ ಇಲ್ಲ. ಮೂರನೇದು 2011ರಲ್ಲಿ ನೇಚರ್ ಮೆಟೀರಿಯಲ್ಸ್‌ನಲ್ಲಿ ಬಂದ ಹೈಡ್ರೋಜೆಲ್ ಕೆಲಸ, ಅದರಲ್ಲಿ ಜೆಲ್ಲಿನ ರಂಧ್ರಗಳು ಪೊರೆಯ ಮೈನಸ್ ಲಿಪಿಡ್ಡುಗಳನ್ನ ಹೀರಿಕೊಳ್ತವೆ ಅಂತ ಹೇಳ್ತಾರೆ. ತೆಳುಪದರ ಅವರ ಹೆಣೆದ ಪದರಕ್ಕೆ ನನಗೆ ಎರಡನೇದು ಮೂರನೇದು ಹೆಚ್ಚು ಹೊಂದುತ್ತೆ ಅನ್ಸುತ್ತೆ. ನಮ್ಮ ದೇಹದ ಕೋಶಗಳ ಹೊರಪೊರೆಯಲ್ಲಿ ಮೈನಸ್ ಲಿಪಿಡ್ ತುಂಬಾ ಕಮ್ಮಿ, ಕೊಲೆಸ್ಟರಾಲ್ ಬೇರೆ ಇದೆ, ಅದಕ್ಕೇ ಅವು ಬ್ಯಾಕ್ಟೀರಿಯಾದಷ್ಟು ಬೇಗ ಹರಿಯಲ್ಲ. ಹಾಗಂತ ಪೂರ್ತಿ ಸೇಫ್ ಅಲ್ಲ, ಬಾಲ ಉದ್ದ ಆದಂಗೆ ರಕ್ತದ ಕಣಗಳನ್ನೂ ಒಡೆಯುತ್ತೆ, ದೇಹಕ್ಕೆ ತಾಗೋ ವಸ್ತುವಿಗಾದ್ರೆ ಆ ಟೆಸ್ಟು ಬೇರೆ ಮಾಡಲೇಬೇಕು.

ಸೋಂಕು_ತಡೆ:

ನಾನು ಆಸ್ಪತ್ರೆ ಸೋಂಕು ನಿಯಂತ್ರಣದ ಕೆಲಸ ಮಾಡೋಳು, ಬಳಸೋರ ಕಡೆಯಿಂದ ಹೇಳ್ತೀನಿ. ನಿಮ್ಮ ಸೋಪಿನ ಸಮಸ್ಯೆನೇ ನನಗೆ ಇಡೀ ಥ್ರೆಡ್‌ನಲ್ಲಿ ಅತಿ ಮುಖ್ಯವಾದ ವಿಷಯ, ಯಾಕಂದ್ರೆ ಇಂಥ ಕೋಟಿಂಗು ಹೊರಗೆ ಬಂದಾಗ ಸೋಲೋದೇ ಇಲ್ಲಿ. ಪಾತ್ರೆ ಲಿಕ್ವಿಡ್‌ನಲ್ಲಿ ಇರೋದು ಮೈನಸ್ ಚಾರ್ಜಿನ ಡಿಟರ್ಜೆಂಟು, ಪ್ಲಸ್ ಜಾಗಗಳ ಮೇಲೆ ಹೋಗಿ ಕೂರುತ್ತೆ. ಕ್ವಾಟ್ (ಕ್ವಾಟರ್ನರಿ ಅಮೋನಿಯಂ) ಸ್ಯಾನಿಟೈಸರ್ ಜೊತೆ ಮಾಮೂಲಿ ಸೋಪ್ ಬೆರೆಸಬಾರದು ಅಂತ ನಾವು ಎಲ್ಲಾ ಹೊಸಬರಿಗೂ ಮೊದಲ ದಿನವೇ ಹೇಳೋದು ಇದಕ್ಕೇ. ರಕ್ತದ ಅಲ್ಬುಮಿನ್ ಕೂಡ ಮೈನಸ್, ಬೆವರು, ಜೊಲ್ಲು, ಧೂಳು, ಸತ್ತ ಬ್ಯಾಕ್ಟೀರಿಯಾಗಳ ಮೈ, ಎಲ್ಲಾ ಸೇರಿ ಮೇಲ್ಮೈ ಮೇಲೆ ಒಂದು ಚಾದರ ಹೊದಿಸಿಬಿಡ್ತವೆ, ಆಮೇಲೆ ಬಂದ ಬ್ಯಾಕ್ಟೀರಿಯಾ ಕೋಟಿಂಗನ್ನ ಮುಟ್ಟೋದೇ ಇಲ್ಲ, ಮುಟ್ಟದೇ ಇದ್ರೆ ಕೊಲ್ಲೋದು ಎಲ್ಲಿಂದ. ಐಎಸ್ಒ ಟೆಸ್ಟಲ್ಲಿ ಬ್ಯಾಕ್ಟೀರಿಯಾ ಹಾಕೋ ದ್ರವ 500 ಪಟ್ಟು ತೆಳು ಮಾಡಿದ ಪೋಷಕ ದ್ರವ, ಹೆಚ್ಚುಕಮ್ಮಿ ಶುದ್ಧ ನೀರು. ಆಸ್ಪತ್ರೆ ಮಂಚದ ಕಂಬಿ ಮೇಲೆ ಅಂಥಾ ಸ್ವಚ್ಛತೆ ಇರಲ್ಲ, 24 ಗಂಟೆ ಒದ್ದೆಯಾಗೂ ಇರಲ್ಲ. ದಯವಿಟ್ಟು ಸೀರಂ ಅಥವಾ ಅಲ್ಬುಮಿನ್ ಸೇರಿಸಿ ಒಂದು ಸಲ ಟೆಸ್ಟ್ ಮಾಡಿ, ಒಣ ಮೇಲ್ಮೈ ಮೇಲೂ ಮಾಡಿ, ಕಮ್ಮಿ ಬಂದ್ರೂ ಪರ್ವಾಗಿಲ್ಲ, ಆ ನಂಬರನ್ನೂ ಥೀಸಿಸ್‌ನಲ್ಲಿ ಹಾಕಿ.

ಇನ್ನೊಂದು ವಿನಂತಿ. ಕ್ವಾಟರ್ನರಿ ಅಮೋನಿಯಂ ಸ್ಪೋರ್‌ಗಳನ್ನ (ಕೆಲವು ಬ್ಯಾಕ್ಟೀರಿಯಾದ ಗಟ್ಟಿ ಕವಚದ ನಿದ್ರಾ ರೂಪ) ಕೊಲ್ಲಲ್ಲ, ಸ್ಪೋರ್ ಮಾಡೋ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ನಮ್ಮಲ್ಲಿ ದೊಡ್ಡ ತಲೆನೋವು, ಅದಕ್ಕೆ ಈ ಕೋಟಿಂಗ್ ಏನೂ ಮಾಡಲ್ಲ. ಸ್ಟ್ಯಾಫಿಲೋಕಾಕಸ್‌ನಲ್ಲಿ ಕ್ಯೂಎಸಿಎ, ಕ್ಯೂಎಸಿಬಿ ಅನ್ನೋ ಜೀನುಗಳು ಕ್ವಾಟನ್ನ ಹೊರಗೆ ಪಂಪ್ ಮಾಡ್ತವೆ, ಬಿಗಿಯಾಗಿ ಕಟ್ಟಿದ ಪಾಲಿಮರ್‌ನ ಪಂಪ್ ಮಾಡಕ್ಕಾಗಲ್ಲ, ಆದ್ರೆ ಸ್ವಲ್ಪ ಸ್ವಲ್ಪ ಸೋರ್ತಾ ಇದ್ರೆ ಕೊಲ್ಲೋ ಪ್ರಮಾಣಕ್ಕಿಂತ ಕಮ್ಮಿ ಡೋಸು ಸದಾ ಅಲ್ಲಿ ಇರುತ್ತೆ, ಅದು ತಡ್ಕೊಳ್ಳೋ ತಳಿಗಳನ್ನ ಆರಿಸಿ ಬೆಳೆಸುತ್ತೆ. ಹಾಗಾಗಿ ನಿಮ್ಮ ಉಂಗುರದ ಪ್ರಶ್ನೆ ನಮಗೂ ಸಂಬಂಧಪಟ್ಟಿದ್ದೇ.

ತೆಳುಪದರ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳ್ತೀರ ಅನ್ಕೊಂಡಿರಲಿಲ್ಲ. ಸರಪಳಿ ಸರ್, ಗಾಜಿನ ಮೇಲೆ ಸಿಲೇನ್ ಹಾಕಿಲ್ಲ, ಈಗ ಹಾಕ್ತೀನಿ. ನೆನೆಸಿದ ನೀರಿನ ಟೆಸ್ಟು, ಅಗರ್ ಸುರಿಯೋದು, ಫ್ಲೂರೆಸೀನ್, ಅಲ್ಬುಮಿನ್ ನಾಲ್ಕೂ ಮಾಡ್ತೀನಿ. ಎರಡು ಕೇಳೋದಿದೆ. ಸೋಪ್ ಹಾಕಿದ ಸ್ಯಾಂಪಲ್ಲಲ್ಲಿ ಚಾರ್ಜು ಮುಚ್ಚಿಕೊಂಡಿದೆಯಾ ಅಥವಾ ಕೋಟಿಂಗೇ ಹೋಗಿದೆಯಾ ಅಂತ ಬೇರೆ ಮಾಡಿ ನೋಡೋದು ಹೆಂಗೆ? ಮತ್ತೆ ಚಾರ್ಜಿಲ್ಲದ ಕಂಟ್ರೋಲ್ ಅಂತ ಹೆಕ್ಸಿಲ್ ಬ್ರೋಮೈಡ್ ಹಾಕದೇ ಇರೋ ಅದೇ ಪಾಲಿಮರ್ ಬಳಸಬಹುದಾ?

ಸರಪಳಿ:

ಮೊದಲನೇದಕ್ಕೆ, ಎಕ್ಸ್‌ಪಿಎಸ್ (ಎಕ್ಸ್‌ರೇ ಬಿಟ್ಟು ಮೇಲ್ಮೈಯಲ್ಲಿ ಯಾವ ಮೂಲವಸ್ತು ಇದೆ ಅಂತ ನೋಡೋ ವಿಧಾನ) ಸಿಕ್ಕಿದ್ರೆ ಒಂದೇ ಸಲಕ್ಕೆ ಗೊತ್ತಾಗುತ್ತೆ. ನೈಟ್ರೋಜನ್ ಸಿಗ್ನಲ್ಲು 402 ಎಲೆಕ್ಟ್ರಾನ್ ವೋಲ್ಟ್ ಹತ್ರ ಹಾಗೇ ಇದ್ದು ಬ್ರೋಮೈಡ್ ಹೋಗಿ, 168-169 ಹತ್ರ ಸಲ್ಫರ್ ಹೊಸದಾಗಿ ಬಂದಿದ್ರೆ ಡಿಟರ್ಜೆಂಟ್ ಕೂತಿದೆ, ಕೋಟಿಂಗ್ ಇದೆ. ನೈಟ್ರೋಜನ್ನೇ ಬಿದ್ದಿದ್ರೆ ಪದರ ಎದ್ದು ಹೋಗಿದೆ, ಅಥವಾ ಎಸ್ಟರ್ ಮುರಿದಿದೆ. ಡಿಎಂಎಇಎಂಎ ಚಾರ್ಜು ಬೆನ್ನೆಲುಬಿಗೆ ಎಸ್ಟರ್ ಮೂಲಕ ತಾನೇ ಅಂಟಿರೋದು, ಕ್ಷಾರ ಜಾಸ್ತಿ ಇರೋ ಕ್ಲೀನರ್‌ನಲ್ಲಿ ಅದು ನಿಧಾನಕ್ಕೆ ಒಡೆದು ಪ್ಲಸ್ ಗುಂಪು ಕಳಚಿ ಹೋಗಿ ಅಲ್ಲಿ ಕಾರ್ಬಾಕ್ಸಿಲೇಟ್ ಮೈನಸ್ ಉಳಿಯುತ್ತೆ, ನಿಮಗೆ ಬೇಕಾಗಿದ್ದಕ್ಕೆ ಪೂರ್ತಿ ಉಲ್ಟಾ. ಎಕ್ಸ್‌ಪಿಎಸ್ ಸಿಗದಿದ್ರೆ ಸ್ಯಾಂಪಲ್ಲನ್ನ ಉಪ್ಪು ಬೆರೆಸಿದ ನೀರು-ಎಥನಾಲ್‌ನಲ್ಲಿ ಚೆನ್ನಾಗಿ ನೆನೆಸಿ, ಮುಂಚೆ ಆಮೇಲೆ ಎರಡೂ ಸಲ ಫ್ಲೂರೆಸೀನ್ ಮಾಡಿ, ನಂಬರ್ ಮೇಲೆ ಬಂದ್ರೆ ಮುಚ್ಚಿಕೊಂಡಿತ್ತು ಅಂತ.

ಈ ಎಸ್ಟರ್ ಒಡೆಯೋದನ್ನೇ ಉಪಯೋಗಕ್ಕೆ ತಂದೋರೂ ಇದಾರೆ, ವಾಷಿಂಗ್ಟನ್ ಯೂನಿವರ್ಸಿಟಿಯ ಶಾವೊಯಿ ಜಿಯಾಂಗ್ ಗುಂಪು 2008ರಲ್ಲಿ ಮಾಡಿದ್ದು. ಅಲ್ಲಿ ಎಸ್ಟರ್ ಇರೋದು ಚಾರ್ಜಿನ ಆ ಕಡೆ, ಅದು ಒಡೆದ್ರೆ ಪ್ಲಸ್ ಕಳಚಲ್ಲ, ಪಕ್ಕದಲ್ಲೇ ಒಂದು ಮೈನಸ್ ಹುಟ್ಟಿ ಒಟ್ಟಾರೆ ಸಮ ಆಗುತ್ತೆ, ಅಂದ್ರೆ ಜ್ವಿಟರ್ಅಯಾನ್. ಮೊದಲು ಇ. ಕೋಲಿಯನ್ನ ಒಂದು ಗಂಟೆಯಲ್ಲಿ 99.9 ಪರ್ಸೆಂಟ್‌ಗಿಂತ ಜಾಸ್ತಿ ಕೊಂದು, ಆಮೇಲೆ ಸತ್ತವುಗಳಲ್ಲಿ 98 ಪರ್ಸೆಂಟ್ ಉದುರಿಸಿಬಿಡ್ತು. ಒಂದೇ ಸಲ ಬಳಸೋ ವಸ್ತುವಿಗೆ ಬಹಳ ಚಂದದ ಕೆಲಸ, ಪದೇ ಪದೇ ಬಳಸೋದಕ್ಕೆ ಆಗಲ್ಲ, ಯಾಕಂದ್ರೆ ಒಂದು ಸಲ ಒಡೆದ ಎಸ್ಟರ್ ವಾಪಸ್ ಬರಲ್ಲ. ಕೊಲ್ಲೋ ಸತ್ವವನ್ನ ಪದೇ ಪದೇ ತುಂಬ್ಕೊಬೇಕು ಅಂದ್ರೆ ಎನ್-ಹ್ಯಾಲಮೀನ್ ಕಡೆ ನೋಡಿ, ಅದು ನೈಟ್ರೋಜನ್ ಮೇಲೆ ಕ್ಲೋರಿನ್ ಹಿಡಿದಿಟ್ಕೊಂಡು ಬ್ಯಾಕ್ಟೀರಿಯಾಗೆ ಕೊಡುತ್ತೆ, ಖಾಲಿ ಆದಾಗ ತೆಳು ಬ್ಲೀಚ್‌ನಲ್ಲಿ ಒರೆಸಿದ್ರೆ ಮತ್ತೆ ತುಂಬ್ಕೊಳುತ್ತೆ.

ಕಂಟ್ರೋಲ್ ವಿಷಯದಲ್ಲಿ ಹುಷಾರು. ಹೆಕ್ಸಿಲ್ ಹಾಕದ ಡಿಎಂಎಇಎಂಎ ಪಾಲಿಮರ್ ಚಾರ್ಜಿಲ್ಲದ್ದು ಅಲ್ಲ, ಅದರ ಅಮೈನಿನ ಪಿಕೆಎ (ಅರ್ಧ ಅಮೈನುಗಳು ಪ್ರೋಟಾನ್ ಹಿಡಿದಿರೋ ಪಿಎಚ್) 7.5 ಆಸುಪಾಸು, ಟೆಸ್ಟ್ ನಡೆಯೋ ಪಿಎಚ್‌ನಲ್ಲಿ ಅರ್ಧದಷ್ಟಾದ್ರೂ ಪ್ರೋಟಾನ್ ಹಿಡ್ಕೊಂಡು ಪ್ಲಸ್ ಆಗೇ ಇರುತ್ತೆ, ಅದೂ ಸ್ವಲ್ಪ ಕೊಲ್ಲಬಹುದು, ಅಂಟಿಸಿಕೊಳ್ಳೋದಂತೂ ಖಂಡಿತ. ಚಾರ್ಜಿಲ್ಲದ್ದು ಬೇಕು ಅಂದ್ರೆ ಡೈಮೀಥೈಲ್ ಅಕ್ರಿಲಮೈಡ್‌ಗೆ ಅದೇ ಬೆಂಜೋಫಿನೋನ್ ಮಾನೋಮರ್ ಸೇರಿಸಿ ಅದೇ ಯುವಿಯಲ್ಲಿ ಅದೇ ದಪ್ಪಕ್ಕೆ ಮಾಡಿ. ಅದರ ಜೊತೆ ಹೆಕ್ಸಿಲ್ ಬದಲು ಮೀಥೈಲ್ ಅಯೊಡೈಡ್ ಹಾಕಿದ ಒಂದು ಸ್ಯಾಂಪಲ್ಲೂ ಇಡಿ, ಚಾರ್ಜು ಅಷ್ಟೇ ಇದ್ದು ಬಾಲ ಇಲ್ಲದ್ದು. ಆಗ ಸಾವಿನಲ್ಲಿ ಚಾರ್ಜಿನ ಪಾಲೆಷ್ಟು ಬಾಲದ ಪಾಲೆಷ್ಟು ಅಂತ ನೀವೇ ಬೇರೆ ಮಾಡಿ ತೋರಿಸಬಹುದು. ಮೀಥೈಲ್ ಅಯೊಡೈಡ್ ಫ್ಯೂಮ್ ಹುಡ್ ಒಳಗೆ ಮಾತ್ರ, ಅದು ವಿಷ, ಆವಿಯಾಗೋದೂ ಬೇಗ.